ಪುಟ್ಟಂಗೆ, ನೋಮ್ ಪೆನ್‌ಗೆ ಹೊರಡೋ ಮುಂಚೆ

ಪುಟ್ಟಾ,

ನಿನ್ ವಾಟ್ಸಾಪ್ ಮೆಸೇಜು ಮೂರು ಸಲ ಓದ್ದೆ. ನೋಮ್ ಪೆನ್‌ನಲ್ಲಿ ಗಾರ್ಮೆಂಟ್ಸ್ ಕೆಲ್ಸ ಸಿಕ್ಕಿದೆ, ಐದು ವರ್ಷದ ಕಾಂಟ್ರಾಕ್ಟು, ಜೊತೆಗೆ ಕೈಲಿರೋ ದುಡ್ಡು ಹಾಕಿ ಫ್ರೆಂಡ್ ಜೊತೆ ಅಲ್ಲೇ ಸಣ್ಣದೊಂದು ಪ್ರಿಂಟಿಂಗ್ ಯೂನಿಟ್ಟು ಶುರು ಮಾಡ್ತೀನಿ ದೊಡ್ಡಪ್ಪ, ಈಗ ಅಲ್ಲಿ ಅಮೆರಿಕದಲ್ಲಿ ಓದಿರೋ ಹೊಸ ಪ್ರಧಾನಿ, ಕಾಂಬೋಡಿಯಾ ಬದಲಾಗ್ತಿದೆ ಅಂತ ಬರ್ದಿದೀಯ. ಕೆಲಸಕ್ಕೆ ಹೋಗು, ಬೇಡ ಅನ್ನಲ್ಲ. ಆ ಕೊನೇ ಮಾತು ಮಾತ್ರ ನಂಗೆ ಗಂಟಲಲ್ಲಿ ಇಳೀಲಿಲ್ಲ. ಫೋನಲ್ಲಿ ಹೇಳಿದ್ರೆ ಹೂಂ ಹೂಂ ಅಂದು ಇಟ್ಬಿಡ್ತೀಯ, ಅದಕ್ಕೆ ಕನ್ನಡಕ ಹಾಕ್ಕೊಂಡು ಟೈಪ್ ಮಾಡ್ತಾ ಕೂತಿದೀನಿ.

ನೀನು ಹೇಳೋ ಆ ಪ್ರಧಾನಿ ಹುನ್ ಮಾನೆತ್ ಓದಿರೋದು ನಿಜ. 1999ರಲ್ಲಿ ಅಮೆರಿಕದ ಮಿಲಿಟರಿ ಕಾಲೇಜು ವೆಸ್ಟ್ ಪಾಯಿಂಟ್ ಮುಗಿಸಿದ, ಅಲ್ಲಿಂದ ಪಾಸಾದ ಮೊದಲ ಕಾಂಬೋಡಿಯಾದೋನು, ಆಮೇಲೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಎಕನಾಮಿಕ್ಸ್ ಡಾಕ್ಟರೇಟು. ಅವ್ನು ಹುಟ್ಟಿದಾಗ ಆಲದ ಮರದ ಕಡೆಯಿಂದ ಏನೋ ಬೆಳಕು ಹಾರಿ ಬಂತು ಅಂತ ಅವರಪ್ಪ ಹುನ್ ಸೇನ್ 2013ರಲ್ಲೇ ಭಾಷಣದಲ್ಲಿ ಹೇಳಿದ್ರು. ನಾನಾಗ ಅಲ್ಲೇ ಇದ್ದೆ. ನಮ್ ಫ್ಯಾಕ್ಟರಿ ಹುಡುಗೀರು ಕಿಸಕ್ಕನೆ ನಕ್ಕು ಆಮೇಲೆ ಸುತ್ತ ಯಾರಾದ್ರೂ ನೋಡಿದ್ರಾ ಅಂತ ತಿರುಗಿ ನೋಡಿದ್ರು. ಆ ತಿರುಗಿ ನೋಡೋದು ಇದೆಯಲ್ಲ, ನೀನು ಆ ದೇಶದ ಬಗ್ಗೆ ಮೊದಲು ಕಲೀಬೇಕಾಗಿರೋದು ಅದು.

ಅಪ್ಪ 1985ರಿಂದ 2023ರ ತನಕ 38 ವರ್ಷ ಪ್ರಧಾನಿ. ಆ ವರ್ಷ ಜುಲೈನಲ್ಲಿ ಎಲೆಕ್ಷನ್ ಆಯ್ತು, 125ರಲ್ಲಿ 120 ಸೀಟು ಅವರ ಪಾರ್ಟೀಗೇ ಬಂತು, ಯಾಕಂದ್ರೆ ಎದುರಿಗೆ ನಿಲ್ಲಬಹುದಾಗಿದ್ದ ಕ್ಯಾಂಡಲ್‌ಲೈಟ್ ಪಾರ್ಟಿನ ಯಾವುದೋ ರಿಜಿಸ್ಟ್ರೇಷನ್ ಪೇಪರಿನ ಒರಿಜಿನಲ್ ಕೊಟ್ಟಿಲ್ಲ ಅಂತ ಮೇ ತಿಂಗಳಲ್ಲೇ ಹೊರಗಿಟ್ಟಿದ್ರು. ಆಗಸ್ಟ್ 22ಕ್ಕೆ ಮಗನಿಗೆ ಪಟ್ಟ. ಅಪ್ಪ ಮನೇಲಿ ಕೂತ್ರಾ? ಪಾರ್ಟಿ ಅಧ್ಯಕ್ಷ ಇನ್ನೂ ಅವರೇ, 2024ರಲ್ಲಿ ಸೆನೆಟ್ ಅಧ್ಯಕ್ಷರೂ ಆದ್ರು, ಮಗ ಸರಿಯಾಗಿ ಮಾಡ್ಲಿಲ್ಲ ಅಂದ್ರೆ ನಾನೇ ವಾಪಸ್ ಬರ್ತೀನಿ ಅಂತ ಬೇರೆ ಮೊದಲೇ ಹೇಳಿಟ್ಟಿದಾರೆ. ನಮ್ಮೂರಲ್ಲಿ ಹೊಲ ಮಗನ ಹೆಸರಿಗೆ ಬರೆದು ಪಂಪ್‌ಸೆಟ್ ಕೀ ಸೊಂಟಕ್ಕೆ ಕಟ್ಕೊಂಡ್ ಓಡಾಡೋ ಮುದುಕರನ್ನ ನೋಡಿದೀಯಲ್ಲ, ಅದೇ.

ನಮ್ಮಲ್ಲೂ ಅಪ್ಪ ಮಕ್ಕಳ ರಾಜಕೀಯ ಇಲ್ವಾ ಅಂತೀಯ. ಇದೆ. ಆದ್ರೆ 2019ರಲ್ಲಿ ಮಂಡ್ಯದಲ್ಲಿ ಅಪ್ಪ ಮುಖ್ಯಮಂತ್ರಿ ಆಗಿದ್ದಾಗ್ಲೇ ಮಗ ಸೋತ, ನೆನಪಿದೆಯಾ. ಅಲ್ಲಿ ಸೋಲೋ ದಾರೀನೇ ಮುಚ್ಚಿದಾರೆ.

ಅಲ್ಲಿ ಅಪ್ಪನಿಂದ ಮಗನಿಗೆ ಹೋಗಿದ್ದು ಒಂದೇ ಕುರ್ಚಿ ಅಲ್ಲ ನೋಡು. ಡಿಫೆನ್ಸ್ ಮಿನಿಸ್ಟರ್ ಆಗಿದ್ದ ತಿಯಾ ಬಾನ್ ಅವರ ಜಾಗಕ್ಕೆ ಅವರ ಮಗ ತಿಯಾ ಸೇಹಾ, ಗೃಹಮಂತ್ರಿ ಸಾರ್ ಖೆಂಗ್ ಜಾಗಕ್ಕೆ ಅವರ ಮಗ ಸಾರ್ ಸೊಖಾ, ಆಮೇಲೆ ಮಾನೆತ್ ತಮ್ಮ ಹುನ್ ಮಾನಿಗೆ ಉಪಪ್ರಧಾನಿ ಸ್ಥಾನ. ಒಬ್ರು ಮಗನ್ನ ಕೂರಿಸ್ಬೇಕು ಅಂದ್ರೆ ಜೊತೇಲಿದ್ದ ಹಳೇ ತಲೆಗಳ ಮಕ್ಕಳನ್ನೂ ಕೂರಿಸಿದ್ರೇನೇ ಅವರು ಒಪ್ಪೋದು, ನನ್ನ ಲೆಕ್ಕ ಇದು. ಅಲ್ಲಿನ ಜನ ಇದಕ್ಕೆ ‘ಖ್ಸೆ’ ಅಂತಾರೆ, ದಾರ ಅಂತ ಅರ್ಥ, ಯಾರ ಕೆಳಗೆ ಯಾರು, ಯಾರಿಗೆ ಯಾರು ದುಡ್ಡು ಕಳಿಸ್ಬೇಕು, ಕಷ್ಟ ಬಂದ್ರೆ ಯಾರ ಬಾಗಿಲು ತಟ್ಬೇಕು ಎಲ್ಲಾ ಅದರಲ್ಲೇ. ಈಗ ಮಾನೆತ್ ಎಷ್ಟೇ ಒಳ್ಳೇ ಮನುಷ್ಯ ಆಗ್ಲಿ, ಒಂದು ದಾರ ಕತ್ತರಿಸಕ್ಕೆ ಹೋದ್ರೆ ಅದು ಅಪ್ಪನ ಫ್ರೆಂಡ್ ಮನೇದೇ ಆಗಿರುತ್ತೆ. ಬಡವರ ಮನೆ ಹುಡುಗ್ರು 15 ಲಕ್ಷ ಜನಕ್ಕೆ ಕೆಲಸ ಕಲಿಸೋ ಸ್ಕೀಮು ತಂದಿದಾನೆ, ಅದು ಒಳ್ಳೇದೇ, ಇಲ್ಲ ಅನ್ನಲ್ಲ. ಯಾರ ದಾರಕ್ಕೂ ಕತ್ತರಿ ಬೀಳದ ಕೆಲಸ ಅದು, ಅದಕ್ಕೇ ಆಗುತ್ತೆ.

ಹಾಗಾದ್ರೆ ಅಲ್ಲಿ ಏನೂ ಬದಲಾಗೋದೇ ಇಲ್ವಾ ಅಂದ್ರೆ ಹಂಗೂ ಅಲ್ಲ, ನಾನೇ ಕಣ್ಣಾರೆ ನೋಡಿದೀನಿ, ಮತ್ತೆ ನೋಡಿದ್ದು ಫ್ಯಾಕ್ಟರಿ ಸಂಬಳದ ಪಟ್ಟೀಲಿ. 2013ರ ಮೇನಲ್ಲಿ ಗಾರ್ಮೆಂಟ್ಸ್ ಕನಿಷ್ಠ ಸಂಬಳ ತಿಂಗಳಿಗೆ 80 ಡಾಲರ್. ಜುಲೈ ಎಲೆಕ್ಷನ್ನಲ್ಲಿ ವಿರೋಧ ಪಕ್ಷಕ್ಕೆ 123ರಲ್ಲಿ 55 ಸೀಟು ಬಂದ್ಬಿಡ್ತು, ಅವರು 150 ಡಾಲರ್ ಕೊಡಿಸ್ತೀವಿ ಅಂದಿದ್ರು, ಡಿಸೆಂಬರಲ್ಲಿ ನಮ್ ಲೈನುಗಳೆಲ್ಲ ಖಾಲಿ, ಹುಡುಗೀರೆಲ್ಲ ರಸ್ತೇಲಿ. 2014ರ ಜನವರಿ 3ಕ್ಕೆ ನೋಮ್ ಪೆನ್‌ನ ವೆಂಗ್ ಸ್ರೆಂಗ್ ರಸ್ತೇಲಿ ಪೊಲೀಸ್ರು ಅವರ ಮೇಲೆ ಗುಂಡು ಹಾರಿಸಿದ್ರು, ಕಡೇಪಕ್ಷ ನಾಲ್ಕು ಜನ ಸತ್ರು. ನಾನು ಆವತ್ತು ಶಟರ್ ಎಳೆದು ಒಳಗೆ ಕೂತಿದ್ದೆ, ಶಿಪ್ಮೆಂಟ್ ಲೇಟಾಗುತ್ತೆ ಅಂತ ಬಯ್ಯರ್‌ಗೆ ಮೇಲ್ ಹಾಕ್ತಾ. ಈಗಲೂ ಅದು ನೆನೆಸ್ಕೊಂಡ್ರೆ ಒಂಥರಾ ಆಗುತ್ತೆ, ಹೋಗ್ಲಿ ಬಿಡು.

ಆದ್ರೆ ಸಂಬಳ ನೋಡು. 100, 128, 140, 153, 2018ಕ್ಕೆ 170. ಐದೇ ವರ್ಷದಲ್ಲಿ ಡಬಲ್‌ಗಿಂತ ಜಾಸ್ತಿ. ಅಷ್ಟರಲ್ಲಿ 2017ರ ನವೆಂಬರಲ್ಲಿ ಆ ವಿರೋಧ ಪಕ್ಷಾನೇ ಕೋರ್ಟು ವಿಸರ್ಜನೆ ಮಾಡ್ತು, 2018ರ ಎಲೆಕ್ಷನ್ನಲ್ಲಿ 125ಕ್ಕೆ 125 ಸೀಟೂ ಹುನ್ ಸೇನ್ ಪಾರ್ಟೀದೇ. ಅಲ್ಲಿಂದ 182, 190, 192, 194, 200, 204, 2025ಕ್ಕೆ 208. ಏಳು ವರ್ಷಕ್ಕೆ 38 ಡಾಲರ್. ಮಧ್ಯ ಕೊರೋನಾ ಬಂತು, ಒಪ್ಕೋತೀನಿ, ಆದ್ರೆ ಪೂರ್ತಿ ಕೊರೋನಾ ಮೇಲೇ ಹಾಕಕ್ಕಾಗಲ್ಲ. ಮೇಲಿರೋರಿಗೆ ಸೋಲ್ತೀವಿ ಅನ್ನೋ ಭಯ ಇದ್ದಾಗ ಸಂಬಳ ಏರ್ತು, ಭಯ ಹೋಯ್ತು, ನಿಂತೋಯ್ತು. ಮಗ ಎಲ್ಲಿ ಓದಿದಾನೆ ಅನ್ನೋದು ಈ ಲೆಕ್ಕದಲ್ಲಿ ಎಲ್ಲೂ ಬರಲ್ಲ ಪುಟ್ಟಾ.

2025ರ ಕತೆ ನಿಂಗೂ ಗೊತ್ತು. ಥಾಯ್ಲೆಂಡ್ ಗಡೀಲಿ ಜಗಳ, ಆ ಕಡೆ ಪ್ರಧಾನಿ ಪೇತೊಂಗ್‌ತಾರ್ನ್, ಅವಳೂ ಅಪ್ಪನ ಹೆಸರಲ್ಲಿ ಬಂದವಳೇ, ಹಳೇ ಪ್ರಧಾನಿ ತಕ್ಸಿನ್ ಮಗಳು. ಅವಳು ಮಾತಾಡಕ್ಕೆ ಫೋನ್ ಮಾಡಿದ್ದು ಯಾರಿಗೆ? ಪ್ರಧಾನಿ ಮಾನೆತ್‌ಗಲ್ಲ, ಅವರಪ್ಪಂಗೆ, ಅದೂ ಅಂಕಲ್ ಅಂತ ಕರೆದು. ಅಂಕಲ್ಲು ಅದನ್ನ ರೆಕಾರ್ಡ್ ಮಾಡಿ ಹಂಚಿದ್ರು, ಅದು ಹೊರಗೆ ಬಂತು, ಆಗಸ್ಟಲ್ಲಿ ಅಲ್ಲಿನ ಕೋರ್ಟು ಅವಳನ್ನ ಕೆಳಗಿಳಿಸ್ತು. ಅದಕ್ಕೂ ಮೊದಲು ಜುಲೈನಲ್ಲಿ ಐದು ದಿನ ಎರಡೂ ಕಡೆ ಗುಂಡು ಹೊಡೆದಾಡ್ಕೊಂಡಿದ್ರು. ದೇಶ ನಿಜವಾಗ್ಲೂ ಯಾರ ಕೈಲಿದೆ ಅಂತ ಪಕ್ಕದ ದೇಶದ ಪ್ರಧಾನಿಗೇ ಗೊತ್ತಿತ್ತು, ನೀನು ಮಾತ್ರ ಪ್ರಿಂಟಿಂಗ್ ಯೂನಿಟ್ ಹಾಕಕ್ಕೆ ಹೊರಟಿದೀಯ.

ಅದಕ್ಕೆ ಸಂಬಳದ ಕೆಲ್ಸ ಮಾಡು, ದುಡ್ಡು ಇಲ್ಲಿ ಇರ್ಲಿ. ಎರಡು ವರ್ಷ ನೋಡು. ಅಲ್ಲಿ ವ್ಯಾಪಾರ ಅಂದ್ರೆ ಒಂದಲ್ಲ ಒಂದು ದಿನ ಯಾವುದಾದ್ರೂ ಖ್ಸೆ ಹಿಡೀಲೇಬೇಕು, ಆ ದಾರ ನಿಂಗೆ ಹೊರಗಿಂದ ಕಾಣಲ್ಲ. ಫೇಸ್‌ಬುಕ್ಕಲ್ಲಿ ಅವರ ರಾಜಕೀಯ ಒಂದಕ್ಷರ ಬರೀಬೇಡ, ಲೈಕೂ ಒತ್ಬೇಡ. 2023ರಲ್ಲಿ ಟರ್ಕಿ ಭೂಕಂಪಕ್ಕೆ ಕಳಿಸೋ ನೆರವಿಗೆ ಅಪ್ಪನ ಬದಲು ಮಾನೆತ್ ಸೈನ್ ಹಾಕಿದ ಅಂತ ಬರೆದ ವಿಒಡಿ ಅನ್ನೋ ಅಲ್ಲಿನ ನ್ಯೂಸ್ ಸಂಸ್ಥೆ ಲೈಸೆನ್ಸೇ ಕಿತ್ಕೊಂಡ್ರು, ಆಗಿನ್ನೂ ಅವ್ನು ಪ್ರಧಾನಿ ಸಹ ಆಗಿರ್ಲಿಲ್ಲ. ಪಾಸ್‌ಪೋರ್ಟ್ ಯಾರ ಕೈಗೂ ಕೊಡ್ಬೇಡ, ಕೆಲಸ ಅಂತ ಕರ್ಕೊಂಡ್ ಹೋಗಿ ಸೈಬರ್ ವಂಚನೆಗೆ ಕೂರಿಸಿದ ನಮ್ ಕಡೆ ಹುಡುಗ್ರು ಎಷ್ಟೋ ಜನಾನ ಎಂಬೆಸಿಯವರು ಬಿಡಿಸ್ಕೊಂಡ್ ಬಂದಿದಾರೆ. ಹೊರಡೋ ಮುಂಚೆ ಕಂಪನಿ ಅಡ್ರೆಸ್ಸು ನಂಗೆ ಕಳ್ಸು, ಅಲ್ಲಿ ಗುರುತಿರೋರು ಇನ್ನೂ ಇದಾರೆ, ಹೋಗಿ ನೋಡ್ಕೊಂಡ್ ಬಾ ಅಂತೀನಿ.

ನಿನ್ ಚಿಕ್ಕತ್ತೆ ನಿಂಬೆಕಾಯಿ ಉಪ್ಪಿನಕಾಯಿ ಕಟ್ಟಿಟ್ಟಿದಾಳೆ, ಭಾನುವಾರ ಬಂದು ತಗೊಂಡ್ ಹೋಗು. ಆಮೇಲೆ ವೆಂಗ್ ಸ್ರೆಂಗ್ ಕಡೆ ಹೋದಾಗ ಬೆಳಿಗ್ಗೆ ಆರಕ್ಕೆ ಅಕ್ಕಿ ಶಾವಿಗೆ ಮಾರೋ ಹೆಂಗಸರು ಸಾಲಾಗಿ ಕೂತಿರ್ತಾರೆ, ಅದರಲ್ಲಿ ಒಬ್ಬಳ ಮಗಳು ನಮ್ಮ ಲೈನಲ್ಲೇ ಕಾಲರ್ ಹಾಕ್ತಿದ್ಲು. ಅವಳು ಇದಾಳಾ ನೋಡು. ಹಸಿಮೆಣಸಿನಕಾಯಿ ಎರಡು ಜಾಸ್ತಿ ಕೇಳ್ತಿದ್ದ ಇಂಡಿಯಾದೋನು ಅಂದ್ರೆ ಸಾಕು, ಗೊತ್ತಾಗುತ್ತೆ.

ನಿನ್ನ ದೊಡ್ಡಪ್ಪ