ಶನಿವಾರ ಪಿಸ್ತೂಲು ತಿರುಗಿಸುವ ಅಭ್ಯಾಸ

ಎಲ್ಲರಿಗೂ ನಮಸ್ಕಾರ. ಕೌಬಾಯ್ ಪ್ರದರ್ಶನದ ಅಭ್ಯಾಸ ಶನಿವಾರ ಬೆಳಗ್ಗೆ 10ಕ್ಕೆ. ವೇದಿಕೆ ಹತ್ತುವವರೆಲ್ಲ ಬರಬೇಕು.

ಗುಂಡು ಹಾರದ ಪ್ರತಿಕೃತಿ ಮಾತ್ರ ತನ್ನಿ. ಅಸಲಿ ರಿವಾಲ್ವರ್ ಖಾಲಿಯಿದ್ದರೂ ಬೇಡ, ಇದರಲ್ಲಿ ಚರ್ಚೆಯಿಲ್ಲ. ಕೋಲ್ಟ್ ಕಂಪನಿಯ 1873ರ ರಿವಾಲ್ವರ್ ಮಾದರಿಯಾದರೆ 4¾ ಇಂಚಿನ ನಳಿಗೆಯದೇ ಸರಿ. 7½ ಇಂಚಿನದಕ್ಕೆ ಮೂತಿ ಭಾರ, ಮಣಿಕಟ್ಟು ಬೇಗ ಸೋಲುತ್ತದೆ.

ಹ್ಯಾಮರ್ (ಹಿಂಬದಿಯ ಬಡಿಗೆ) ಇಳಿಸಿರಲಿ. ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ) ತೋರುಬೆರಳಿನ ತುದಿಗೆಣ್ಣಿನ ಹತ್ತಿರ ಕೂರಲಿ; ಬೆರಳು ಒಳಗೆ ಹೋದಷ್ಟೂ ಸಿಕ್ಕಿಕೊಂಡು ಓಲಾಡುತ್ತದೆ. ಮೊದಲು ಮುಂದಕ್ಕೆ ಒಂದೇ ಸುತ್ತು. ಹಿಡಿ ಅಂಗೈಗೆ ಬಂದ ಕೂಡಲೇ ಉಳಿದ ಬೆರಳು ಮುಚ್ಚಿ. ಅದು ಪಳಗುವ ಮುಂಚೆ ತಿರುಗಿಸುತ್ತಾ ಹೋಲ್‌ಸ್ಟರ್‌ಗೆ (ಸೊಂಟದ ಪಿಸ್ತೂಲು ಚೀಲಕ್ಕೆ) ಇಳಿಸುವ ಶೋಕಿ ಬೇಡ.

ಉಂಗುರ ತೆಗೆದು ಬೆರಳಿಗೆ ಟೇಪ್ ಸುತ್ತಿ. ದಪ್ಪ ಕಂಬಳಿಯೂ ಇರಲಿ, ಸತುವಿನ ಪ್ರತಿಕೃತಿ ಸಿಮೆಂಟಿಗೆ ಬಿದ್ದರೆ ಹ್ಯಾಮರೇ ಮುರಿಯಬಹುದು.

ಬರುವವರು ಗುರುವಾರದೊಳಗೆ ತಿಳಿಸಿ. ಎಡಚರಾಗಿದ್ದರೆ ಅದನ್ನೂ ಬರೆಯಿರಿ, ಹೋಲ್‌ಸ್ಟರ್ ಬೇರೆ ಬೇಕು.