ಅಪ್ಪನ ಬಿಪಿ, ಕೋವಿಯ ಚರೆ

ಬರ್ಮಿಂಗ್‌ಹ್ಯಾಮ್

ಅಪ್ಪನಿಗೆ ನಮಸ್ಕಾರಗಳು.

ಮಡಿಕೇರಿಗೆ ಹೋಗಿ ಬಿಪಿ ನೋಡಿಸಿಕೊಂಡು ಬಂದಿರೆಂದು ಅಮ್ಮ ಹೇಳಿದಳು. ಮಾತ್ರೆ ತಪ್ಪಿಸಿಲ್ಲ, ಉಪ್ಪಿನಕಾಯಿ ಮುಟ್ಟುತ್ತಿಲ್ಲ, ಆದರೂ ಇಳಿದಿಲ್ಲವಂತೆ. ಫೋನಿನಲ್ಲಿ ಹೇಳಹೊರಟರೆ ಮಳೆ, ಕಾಫಿ ರೇಟು ಅಂತ ಮಾತು ತಿರುಗಿಸುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ಹಳೇ ಬ್ಯಾಟರಿಯ ಸೀಸ ಕರಗಿಸಿ ಕೋವಿಗೆ ಚರೆ ಮಾಡುವುದನ್ನು ದಯವಿಟ್ಟು ನಿಲ್ಲಿಸಿ.

ಆ ಹೊಗೆ ಉಸಿರಿನಲ್ಲಿ ಹೋಗುತ್ತದೆ, ಪುಡಿ ಕೈಯಿಂದ ಬಾಯಿಗೆ. ನಮ್ಮ ಮೈ ಸೀಸವನ್ನು ಕ್ಯಾಲ್ಸಿಯಂ ಎಂದೇ ತಿಳಿದು ಮೂಳೆಯಲ್ಲಿ ಸೇರಿಸಿಕೊಳ್ಳುತ್ತದೆ. ದೊಡ್ಡವರ ಮೈಯಲ್ಲಿರುವ ಸೀಸದ ಶೇ. 90ಕ್ಕೂ ಹೆಚ್ಚು ಪಾಲು ಅಲ್ಲೇ, ದಶಕಗಟ್ಟಲೆ. ವಯಸ್ಸಾಗಿ ಮೂಳೆ ಸವೆಯತೊಡಗಿದಾಗ ಅದು ಮತ್ತೆ ರಕ್ತಕ್ಕೆ ಬರುತ್ತದೆ, ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಕಿಡ್ನಿಗೆ ಪೆಟ್ಟು ಕೊಡುತ್ತದೆ. ಎರಡೂ ಬಿಪಿ ಏರಿಸುವ ದಾರಿಗಳೇ. ನಿಮ್ಮ ಬಿಪಿಗೆ ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ, ನೋಡದೆ ಬಿಡಬೇಡಿ ಎನ್ನುತ್ತಿದ್ದೇನೆ. ಐವತ್ತು ದಾಟಿದ ಹೆಂಗಸರ ಮೂಳೆ ಇನ್ನೂ ಬೇಗ ಸವೆಯುತ್ತದೆ. ಅಮ್ಮನೂ ಆ ಒಲೆಯ ಹತ್ತಿರವೇ ಇದ್ದವಳಲ್ಲವೇ?

ನಮ್ಮಲ್ಲಿ 2000ದವರೆಗೂ ಪೆಟ್ರೋಲಿನಲ್ಲೇ ಸೀಸ ಇತ್ತು, ಜೀಪು ಓಡಿಸಿದ ನಿಮ್ಮ ಕಾಲದವರೆಲ್ಲರಿಗೂ ಒಂದಿಷ್ಟು ಸೇರಿಯೇ ಇರುತ್ತದೆ. ಅದರ ಮೇಲೆ ಇನ್ನಷ್ಟು ಯಾಕೆ? ಇಲ್ಲಿ 1970ಕ್ಕಿಂತ ಹಿಂದೆ ಕಟ್ಟಿದ ಮನೆಗಳಲ್ಲಿ ಸೀಸದ ಪೈಪು ಇರಬಹುದೆಂದು, ಬೆಳಿಗ್ಗೆ ಸ್ವಲ್ಪ ನೀರು ಹರಿಯಬಿಟ್ಟೇ ಕುಡಿಯುತ್ತೇವೆ.

ಡಾಕ್ಟರ ಹತ್ತಿರ ಚರೆಯ ವಿಷಯ ಬಾಯಿಬಿಟ್ಟು ಹೇಳಿ, ರಕ್ತದಲ್ಲಿ ಸೀಸ ಎಷ್ಟಿದೆ ಎಂಬ ಪರೀಕ್ಷೆ ಕೇಳಿ. ಅದು ಇತ್ತೀಚೆಗೆ ಒಳಹೋದದ್ದನ್ನೇ ಹೆಚ್ಚು ತೋರಿಸುತ್ತದೆ, ಕಡಿಮೆ ಬಂತೆಂದು ಮತ್ತೆ ಒಲೆ ಹಚ್ಚಬೇಡಿ. ಮಾತ್ರೆಯನ್ನಂತೂ ಬಿಡಲೇಬಾರದು. ಸೀಸ ಇಳಿಸುವ ಕಷಾಯ ಅಂತ ಯಾರಾದರೂ ತಂದರೆ ಕುಡಿಯಬೇಡಿ.

ತೋಟಕ್ಕೆ ಹೊಡೆಯುವ ಮೈಲುತುತ್ತಿನ ಬಗ್ಗೆ ಅಮ್ಮ ಕೇಳಿದ್ದಳು. ಅದು ತಾಮ್ರ, ಬೇರೆ ಮಾತು. ಹೃದಯ, ರಕ್ತನಾಳಕ್ಕೆ ಕೆಡುಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ಎಚ್ಚರಿಸಿದ್ದು ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಬಗ್ಗೆ. ಕ್ಯಾಡ್ಮಿಯಂ ಬೀಡಿಯ ಹೊಗೆಯಲ್ಲಿದೆ, ಚಿಕ್ಕಪ್ಪನಿಗೆ ಇದನ್ನು ಓದಿ ಹೇಳಿ.

ಕೈಲು ಮುಹೂರ್ತದ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯಬೇಡಿ ಎನ್ನುವುದಿಲ್ಲ. ಅಂಗಡಿಯ ತೋಟಾ ತನ್ನಿ, ಬಯಲಲ್ಲೇ ಹೊಡೆಯಿರಿ, ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಕರಗಿಸುವ ಬಾಣಲೆಯನ್ನು ಅಡಿಗೆಮನೆಗೆ ಯಾರೂ ತರದ ಹಾಗೆ ನೋಡಿಕೊಳ್ಳಿ. ರಿಪೋರ್ಟು ಬಂದ ಕೂಡಲೇ ಫೋಟೊ ಕಳಿಸಿ.

ನಿಮ್ಮ ಮಗಳು