ಫಾದರ್ ಡೇಮಿಯನ್ ಪಾಠ ಮತ್ತು ಚರ್ಮ ತಪಾಸಣೆ: ಪೋಷಕರಿಗೆ ಪತ್ರ

8, 9 ಮತ್ತು 10ನೇ ತರಗತಿ ಮಕ್ಕಳ ಪೋಷಕರಿಗೆ ನಮಸ್ಕಾರಗಳು.

ಜನವರಿ 30 ಗಾಂಧೀಜಿ ಹುತಾತ್ಮರಾದ ದಿನ. ನಮ್ಮ ದೇಶದಲ್ಲಿ ಅದೇ ದಿನ ಕುಷ್ಠರೋಗ ವಿರೋಧಿ ದಿನವೂ ಹೌದು. ಆ ವಾರ ಮಕ್ಕಳಿಗೆ ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲೊಂದಾದ ಮೊಲೊಕಾಯಿಯ ಫಾದರ್ ಡೇಮಿಯನ್ ಅವರ ಬದುಕನ್ನು ಪಾಠ ಮಾಡುತ್ತೇವೆ. ಅವರು ಕ್ಯಾಥೊಲಿಕ್ ಮಿಷನರಿ, ಸಂತ ಪದವಿ ಪಡೆದವರು. ತರಗತಿಯಲ್ಲಿ ಹೇಳಿಕೊಡುವುದು ಮಾತ್ರ ರೋಗದ ಬಗ್ಗೆ, ರೋಗಿಗಳನ್ನು ಜನ ನಡೆಸಿಕೊಂಡ ಬಗೆಯ ಬಗ್ಗೆ. ಮಕ್ಕಳು ಮನೆಗೆ ಬಂದು ಪ್ರಶ್ನೆ ಕೇಳುತ್ತಾರೆ. ನಿಮ್ಮ ಬಳಿ ಸರಿಯಾದ ಉತ್ತರ ಇರಲಿ ಎಂದು ಇಷ್ಟು ಬರೆಯುತ್ತಿದ್ದೇನೆ.

ಡೇಮಿಯನ್ ಹುಟ್ಟಿದ್ದು 1840ರಲ್ಲಿ, ಬೆಲ್ಜಿಯಂನ ಟ್ರೆಮೆಲೊ ಎಂಬ ಹಳ್ಳಿಯಲ್ಲಿ. ಹವಾಯಿಗೆ ಹೋಗಬೇಕಿದ್ದವರು ಅವರ ಅಣ್ಣ. ಅಣ್ಣನಿಗೆ ಟೈಫಸ್ ಜ್ವರ ಬಂದದ್ದರಿಂದ ತಮ್ಮ ಡೇಮಿಯನ್ ಹಡಗು ಹತ್ತಿದರು. 1864ರಲ್ಲಿ ಅವರು ಹೊನೊಲುಲು ತಲುಪಿದರು. ಮರುವರ್ಷವೇ ಅಲ್ಲಿನ ಅರಸ ಐದನೇ ಕಮೆಹಮೆಹಾ ಕುಷ್ಠರೋಗಿಗಳನ್ನು ಊರಿಂದ ದೂರವಿಡುವ ಕಾಯ್ದೆಗೆ ಸಹಿ ಹಾಕಿದ. 1866ರಿಂದ ಅವರನ್ನು ಹಡಗಿನಲ್ಲಿ ತಂದು ಮೊಲೊಕಾಯಿಯ ಒಂದು ಮೂಲೆಯಲ್ಲಿ ಇಳಿಸತೊಡಗಿದರು. ಅಲ್ಲಿ ಮೂರು ಕಡೆ ಕಡಲು, ಬೆನ್ನಿಗೆ 500 ಮೀಟರಿಗೂ ಮಿಕ್ಕಿದ ಕಡಿದಾದ ಬೆಟ್ಟ. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಆದರು. ಹವಾಯಿ ಜನ ಈ ಕಾಯಿಲೆಯನ್ನು 'ಬೇರ್ಪಡಿಸುವ ರೋಗ' ಎಂದೇ ಕರೆದರು.

1873ರ ಮೇ 10ರಂದು ಡೇಮಿಯನ್ ಅಲ್ಲಿಗೆ ಬಂದಾಗ ಸುಮಾರು 80 ರೋಗಿಗಳು ಆಸ್ಪತ್ರೆಯಲ್ಲಿದ್ದರು. ಉಳಿದ ನೂರಾರು ಜನರಲ್ಲಿ ಎಷ್ಟೋ ಮಂದಿಗೆ ಇದ್ದದ್ದು ಹರಳು ಗಿಡದ ಕೊಂಬೆ ನೆಟ್ಟು ಮೇಲೆ ಕಬ್ಬಿನ ಸೋಗೆ ಹೊದಿಸಿದ ಗುಡಿಸಲು. ಮಳೆ ಬಂದರೆ ಒಳಗೆಲ್ಲ ತೇವ. ಕೈಕಾಲು ಸರಿಯಿಲ್ಲದವರೂ ದೂರದಿಂದ ನೀರು ಹೊರಬೇಕಿತ್ತು. ಡೇಮಿಯನ್ ಮೊದಲ ರಾತ್ರಿಗಳನ್ನು ಒಂದು ಕೇದಗೆ ಜಾತಿಯ ಮರದಡಿ ಕಳೆದರು. ನೀರಿನ ಕೊಳವೆ ಬಂದಾಗ ಅದನ್ನು ಹಾಕಿಸಲು ಮುಂದೆ ನಿಂತರು. 1874ರ ಬಿರುಗಾಳಿಗೆ ಗುಡಿಸಲುಗಳು ಬಿದ್ದಾಗ ಸರ್ಕಾರದಿಂದ ಮರ, ಹಲಗೆ ಕೇಳಿ ತರಿಸಿ, ನೆಲದಿಂದ ಎತ್ತರಿಸಿದ ಮನೆಗಳನ್ನು ಕಟ್ಟಿದರು. ಗಾಯ ತೊಳೆದು ಪಟ್ಟಿ ಕಟ್ಟಿದರು. ಸತ್ತವರಿಗೆ ಪೆಟ್ಟಿಗೆ ಮಾಡಿ, ಗುಂಡಿಯನ್ನೂ ತೋಡಿದರು. ಅವರ ಭಕ್ತಿಯ ಜೊತೆಗೆ ಈ ಬಡಗಿ ಕೆಲಸವನ್ನೂ ಮಕ್ಕಳು ನೋಡಬೇಕೆಂಬುದು ನನ್ನ ಆಸೆ.

ಒಂದು ಮಾತನ್ನು ಮುಚ್ಚಿಡುವುದಿಲ್ಲ. ಅವರು ರೋಗಿಗಳ ಜೊತೆ ಒಂದೇ ಬಟ್ಟಲಿಗೆ ಕೈಹಾಕಿ ಉಂಡರು, ತಾವು ತಂಬಾಕು ಸೇದುವ ಕೊಳವೆಯನ್ನೂ ಹಂಚಿಕೊಂಡರು. ಮದ್ದೇ ಇಲ್ಲದ ಕಾಲವದು. 1884ರ ಡಿಸೆಂಬರಿನಲ್ಲಿ ದಣಿದ ಕಾಲನ್ನು ಬಿಸಿನೀರಿಗೆ ಇಳಿಬಿಟ್ಟರು. ನೀರು ಕುದಿಯುವಷ್ಟು ಸುಡುತ್ತಿತ್ತು, ಪಾದದಲ್ಲಿ ಬೊಕ್ಕೆ ಎದ್ದವು, ಅವರಿಗೆ ಬಿಸಿಯೇ ತಾಗಲಿಲ್ಲ. ರೋಗ ತಮಗೂ ಬಂದಿದೆಯೆಂದು ಅವರಿಗೆ ಗೊತ್ತಾದದ್ದು ಹಾಗೆ. 1889ರ ಏಪ್ರಿಲ್ 15ರಂದು, 49ನೇ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು. 2009ರಲ್ಲಿ ಸಂತರೆಂದು ಘೋಷಿತರಾದರು. ಅವರ ಕಾಲದಲ್ಲೇ ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಔಷಧಾಲಯ ತೆರೆದು, 1890ರಲ್ಲಿ ಕುಷ್ಠರೋಗಿಗಳಿಗೂ ಆಶ್ರಯ ಕಟ್ಟಿದರು.

ಆ ಬಿಸಿನೀರಿನ ಬೋಗುಣಿಯೇ ನಮ್ಮ ಪಾಠದ ನಡುಭಾಗ. ಕುಷ್ಠರೋಗದಲ್ಲಿ ಬೆರಳು ತಾನಾಗಿ ಉದುರುವುದಿಲ್ಲ. ರೋಗಾಣು ನರಕ್ಕೆ ಹೋಗಿ ಸ್ಪರ್ಶ ಸಾಯುತ್ತದೆ. ಆಮೇಲೆ ಬಿಸಿ ಲೋಟ ಸುಟ್ಟರೂ, ಮುಳ್ಳು ಚುಚ್ಚಿದರೂ ನೋವಿಲ್ಲ. ನೋವಿಲ್ಲದ ಗಾಯವನ್ನು ಯಾರೂ ನೋಡಿಕೊಳ್ಳುವುದಿಲ್ಲ, ಅದು ಕೀವಾಗಿ ಮೂಳೆವರೆಗೆ ಹೋಗುತ್ತದೆ. ನಾರ್ವೆಯ ವೈದ್ಯ ಹ್ಯಾನ್ಸನ್ ಈ ರೋಗಾಣುವನ್ನು ಗುರುತಿಸಿದ್ದು 1873ರಲ್ಲಿ, ಡೇಮಿಯನ್ ಮೊಲೊಕಾಯಿಗೆ ಹೋದ ವರ್ಷವೇ. ಕೆಲಸ ಮಾಡುವ ಮದ್ದು ಬಂದದ್ದು 1940ರ ದಶಕದಲ್ಲಿ. ಹವಾಯಿಯಲ್ಲಿ ಬೇರ್ಪಡಿಸುವ ಕಾನೂನು ಹೋದದ್ದು 1969ರಲ್ಲಿ. ಮದ್ದು ಬಂದ ಮೇಲೂ ಭಯ ಅಷ್ಟು ವರ್ಷ ಉಳಿಯಿತು.

ಈಗ ಮನೆಯ ವಿಷಯ. ಮಗುವಿನ ಬೆನ್ನು, ತೋಳು, ಕೆನ್ನೆ, ಪೃಷ್ಠ, ಕಾಲುಗಳನ್ನು ಹಗಲು ಬೆಳಕಿನಲ್ಲಿ ಒಮ್ಮೆ ನೋಡಿ. ಸುತ್ತಲ ಚರ್ಮಕ್ಕಿಂತ ಬಿಳಿಚಿದ ಅಥವಾ ಕೆಂಪಾದ ಮಚ್ಚೆ ಇದ್ದರೆ, ತುರಿಕೆ ಇಲ್ಲದಿದ್ದರೆ, ಬಾಲ್‌ಪೆನ್ನಿನ ತುದಿಯನ್ನು ಮೊದಲು ಚೆನ್ನಾಗಿರುವ ಚರ್ಮಕ್ಕೆ ಮೆಲ್ಲಗೆ ತಾಗಿಸಿ ತೋರಿಸಿ. ಆಮೇಲೆ ಕಣ್ಣು ಮುಚ್ಚಿಸಿ, ಮಚ್ಚೆಯ ಮೇಲೂ ಪಕ್ಕದಲ್ಲೂ ಬದಲಿಸಿ ತಾಗಿಸುತ್ತ, ತಾಗಿದ ಜಾಗವನ್ನು ಬೆರಳಿಟ್ಟು ತೋರಿಸಲು ಹೇಳಿ. ಪೆನ್ನನ್ನು ಎಳೆಯಬೇಡಿ, ಎಳೆದರೆ ಪಕ್ಕದ ಚರ್ಮ ಉತ್ತರ ಕೊಡುತ್ತದೆ. ಸೂಜಿ ಬೇಡವೇ ಬೇಡ. ಮಚ್ಚೆಯಲ್ಲಿ ಮಗುವಿಗೆ ತಿಳಿಯದಿದ್ದರೆ, ತಿಳಿದೂ ಅನುಮಾನ ಉಳಿದರೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಸಿಬ್ಬು ಎಂದುಕೊಂಡು ತಿಂಗಳುಗಟ್ಟಲೆ ಮುಲಾಮು ಹಚ್ಚುವುದೇ ಹೆಚ್ಚಾಗಿ ಆಗುವ ತಪ್ಪು. ತೊನ್ನು ಬೇರೆ: ಅದು ಪೂರ್ತಿ ಬಿಳಿ, ಸ್ಪರ್ಶ ಸರಿಯಾಗಿರುತ್ತದೆ, ಯಾರಿಗೂ ಹರಡುವುದಿಲ್ಲ.

ಚಿಕಿತ್ಸೆ ಉಚಿತ. ಮಚ್ಚೆಗಳು 5ರೊಳಗಿದ್ದರೆ 6 ತಿಂಗಳು. 5 ಮೀರಿದ್ದರೆ ಅಥವಾ ಒಂದಕ್ಕಿಂತ ಹೆಚ್ಚು ನರ ಕೆಟ್ಟಿದ್ದರೆ 12 ತಿಂಗಳು. ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ರೋಗ ಹರಡುವುದು ನಿಲ್ಲುತ್ತದೆ. ಮನೆಯವರನ್ನೂ ಪರೀಕ್ಷಿಸಿ ರೋಗ ತಡೆಯಲು ಒಂದು ಸಲದ ರಿಫಾಂಪಿಸಿನ್ ಮಾತ್ರೆ ಕೊಡುತ್ತಾರೆ. ಚಿಕಿತ್ಸೆಯನ್ನು ಮಧ್ಯದಲ್ಲಿ ಬಿಡುವವರು ಬಿಡುವುದು ಸಾಮಾನ್ಯವಾಗಿ ಹೆದರಿಕೆಯಿಂದ: ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಾಗುತ್ತದೆ, ಅದು ರಕ್ತವಲ್ಲ. ಚಿಕಿತ್ಸೆಯ ಇನ್ನೊಂದು ಮದ್ದು ಕ್ಲೊಫಜಿಮಿನ್ ಚರ್ಮವನ್ನು ಕಪ್ಪಾಗಿಸುತ್ತದೆ, ಚಿಕಿತ್ಸೆ ಮುಗಿದ ಮೇಲೆ ನಿಧಾನಕ್ಕೆ ಬಣ್ಣ ಮರಳುತ್ತದೆ. ಮಚ್ಚೆ ಇದ್ದಕ್ಕಿದ್ದಂತೆ ಕೆಂಪಾಗಿ ಊದಿದರೆ, ಮೊಣಕೈಯ ನರ ನೋಯತೊಡಗಿದರೆ, ಬೆರಳು ಬಲ ಕಳೆದುಕೊಂಡರೆ ಅದೇ ದಿನ ವೈದ್ಯರಲ್ಲಿಗೆ ಓಡಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ. ಆಗ ಕೊಡುವ ಸ್ಟೀರಾಯ್ಡ್ ತಡವಾದರೆ ಕೈ ಶಾಶ್ವತವಾಗಿ ಸೊಟ್ಟಗಾಗಬಹುದು. ಮೈತುಂಬ ದದ್ದು ಎದ್ದರೆ, ಕಣ್ಣು ಹಳದಿಯಾದರೆ ಮಾತ್ರ ಮುಂದಿನ ಮಾತ್ರೆಗೆ ಮೊದಲು ವೈದ್ಯರನ್ನು ಕಾಣಬೇಕು.

ಮನೆಯಲ್ಲಿ ಹಿರಿಯರಿಗೆ ಹಿಂದೆ ರೋಗ ಬಂದು ಗುಣವಾಗಿ, ಪಾದ ಜೋಮಾಗಿಯೇ ಉಳಿದಿದ್ದರೆ, ದಿನಾ 20 ನಿಮಿಷ ತಣ್ಣೀರಲ್ಲಿ ಪಾದ ನೆನೆಸಿ, ಒರಟು ಕಲ್ಲಿನಿಂದ ಸತ್ತ ಚರ್ಮ ಮೆಲ್ಲಗೆ ಉಜ್ಜಿ, ಒದ್ದೆ ಆರುವ ಮೊದಲೇ ಕೊಬ್ಬರಿ ಎಣ್ಣೆ ಹಚ್ಚಲಿ. ಬಿಸಿನೀರು ಬೇಡ. ಜೋಮಾದ ಪಾದಕ್ಕೆಂದೇ ಮೆತ್ತನೆ ರಬ್ಬರಿನಿಂದ ಮಾಡಿದ ಎಂಸಿಆರ್ ಚಪ್ಪಲಿ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ.

ಶಾಲೆಯ ಮಟ್ಟಿಗೆ ಹೇಳುವುದಾದರೆ, ಈ ರೋಗದ ಕಾರಣಕ್ಕೆ ಯಾವ ಮಗುವನ್ನೂ ಮನೆಗೆ ಕಳಿಸುವುದಿಲ್ಲ, ಬೆಂಚು ಬದಲಿಸುವುದಿಲ್ಲ, ಬಿಸಿಯೂಟದ ಸಾಲಿನಿಂದ ಎಬ್ಬಿಸುವುದಿಲ್ಲ. 'ಕುಷ್ಠ' ಎಂಬುದನ್ನು ಬೈಗುಳವಾಗಿ ಬಳಸಿದ ಮಗುವನ್ನು ಕೂರಿಸಿಕೊಂಡು ಮಾತಾಡುತ್ತೇವೆ. ಇದು ಪೂರ್ವಜನ್ಮದ ಪಾಪ ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದ ಬಂದರೂ ದಯವಿಟ್ಟು ಮಕ್ಕಳೆದುರೇ ತಿದ್ದಿ.

ಫೆಬ್ರವರಿ ಮೊದಲ ವಾರ ಆರೋಗ್ಯ ಕೇಂದ್ರದವರು ತಪಾಸಣೆಗೆ ಬರುತ್ತಾರೆ. ಹೆಣ್ಣುಮಕ್ಕಳನ್ನು ಮಹಿಳಾ ಸಿಬ್ಬಂದಿಯೇ ಬೇರೆ ಕೊಠಡಿಯಲ್ಲಿ ನೋಡುತ್ತಾರೆ. ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಮಾಡಿ ಜನವರಿ 28ರೊಳಗೆ ಕಳಿಸಿ. ಮಗುವಿಗೆ ಮಚ್ಚೆ ಇದೆಯೆಂದು ಚೀಟಿಯಲ್ಲಿ ಬರೆಯಬೇಡಿ, ಅದು ಹಲವರ ಕೈ ದಾಟಿ ಬರುತ್ತದೆ. ನೀವೇ ಬಂದು ನನಗೆ ಹೇಳಿ. ಮಧ್ಯಾಹ್ನ ಊಟದ ನಂತರ ನನ್ನ ಕೊಠಡಿಯಲ್ಲಿರುತ್ತೇನೆ.

ಇಂತಿ,
ಮುಖ್ಯೋಪಾಧ್ಯಾಯರು